‘ಆರ್ಥೋ’ ಹಾಸಿಗೆ ಕೊಳ್ಳುವ ಮುನ್ನ: ನಾರು, ರೀಬಾಂಡೆಡ್, ಮೆಮೊರಿ ಫೋಮ್, ಲೇಟೆಕ್ಸ್, ಸ್ಪ್ರಿಂಗ್ – ಯಾವುದು ಯಾರಿಗೆ?

ಹಾಸಿಗೆ ಅಂಗಡಿಯಲ್ಲಿ ‘ಬೆನ್ನು ನೋವು’ ಎಂದರೆ ಸಾಕು, ಮಾರುವವರು ನೇರವಾಗಿ ‘ಆರ್ಥೋ’ ಚೀಟಿ ಅಂಟಿಸಿದ ಸಾಲಿಗೆ ಕರೆದೊಯ್ಯುತ್ತಾರೆ. ಆನ್‌ಲೈನ್‌ನಲ್ಲೂ ಅದೇ ಕಥೆ. ಆರು ಸಾವಿರದ್ದೂ ಆರ್ಥೋಪೆಡಿಕ್, ನಲವತ್ತು ಸಾವಿರದ್ದೂ ಆರ್ಥೋಪೆಡಿಕ್. ಆದರೆ ಭಾರತದಲ್ಲಿ ಈ ಹೆಸರು ಹಾಕಿಕೊಳ್ಳಲು ಹಾಸಿಗೆ ಯಾವ ಪರೀಕ್ಷೆಯನ್ನೂ ಪಾಸಾಗಬೇಕಿಲ್ಲ. ಮನೆಬಳಕೆಯ ಹಾಸಿಗೆಗೆ ಹಾಕುವ ಪಿಯು (ಪಾಲಿಯುರೆಥೇನ್) ಫೋಮ್‌ಗೆ ಐಎಸ್ 7933, ರಬ್ಬರು ಬೆರೆಸಿದ ತೆಂಗಿನ ನಾರಿನ ಹಾಳೆಗೆ ಐಎಸ್ 8391 ಎಂಬ ಭಾರತೀಯ ಮಾನಕಗಳಿವೆ. ಅವು ಹೇಳುವುದು ಸರಕಿನ ಗುಣಮಟ್ಟವನ್ನು, ನಿಮ್ಮ ಸೊಂಟಕ್ಕೆ ಅದು ಹೊಂದುತ್ತದೆಯೇ ಎಂಬುದನ್ನಲ್ಲ. ಫೋಮ್‌ನಲ್ಲಿ ಹಾನಿಕಾರಕ ರಾಸಾಯನಿಕ ಇಲ್ಲವೆಂದು ಹೇಳುವ ವಿದೇಶಿ ಮುದ್ರೆಗಳನ್ನೂ ಕೆಲವರು ಬೆನ್ನಿನ ಪ್ರಮಾಣಪತ್ರ ಎನ್ನುವಂತೆ ತೋರಿಸುತ್ತಾರೆ. ಅದಕ್ಕೂ ಬೆನ್ನಿಗೂ ಸಂಬಂಧವಿಲ್ಲ.

ಹಾಗಾಗಿ ಚೀಟಿ ಬಿಡಿ. ಒಳಗೆ ಯಾವ ಪದರ ಎಷ್ಟು ಇಂಚು, ಅದರ ಡೆನ್ಸಿಟಿ (ಒಂದು ಘನ ಮೀಟರ್ ಸರಕು ಎಷ್ಟು ಕೆಜಿ ಎಂಬ ಅಂಕಿ) ಎಷ್ಟು, ವಾರಂಟಿ ಪತ್ರದಲ್ಲಿ ಏನು ಬರೆದಿದೆ – ಕೇಳಬೇಕಾದ್ದು ಈ ಮೂರು. ಉತ್ತರ ಕೊಡಲು ತಡವರಿಸುವ ಕಡೆ ಕೊಳ್ಳಬೇಡಿ.

ಗಾದಿಯಿಂದ ಪೆಟ್ಟಿಗೆಯವರೆಗೆ

ನಮ್ಮ ಮನೆಗಳಲ್ಲಿ ಮೊದಲು ಇದ್ದದ್ದು ಹತ್ತಿ ಹಾಸಿಗೆ. ಉತ್ತರ ಕರ್ನಾಟಕದಲ್ಲಿ ಅದೇ ಗಾದಿ. ಪಿಂಜಾರರು ಹತ್ತಿ ಹಿಂಜಿ ಹೊಲಿದು ಕೊಡುತ್ತಿದ್ದರು. ಗಂಟುಗಟ್ಟಿದರೆ ಬಿಚ್ಚಿ ಮತ್ತೆ ಹಿಂಜಿಸಿದರಾಯಿತು. ದಿಂಬಿಗೆ ಬೂರುಗದ ಹತ್ತಿ. 1962ರಲ್ಲಿ ಬೆಂಗಳೂರಲ್ಲಿ ಶುರುವಾದ ಕಂಪನಿಯ ಕರ್ಲ್‌ಆನ್, ತೆಂಗಿನ ನಾರಿಗೆ ರಬ್ಬರು ಹಾಲು ಸಿಂಪಡಿಸಿ ಒತ್ತಿದ ಹಾಸಿಗೆಯನ್ನು ಮನೆಮನೆಗೆ ತಲುಪಿಸಿತು. ಎಷ್ಟರ ಮಟ್ಟಿಗೆಂದರೆ ಬೇರೆ ಕಂಪನಿಯ ನಾರಿನ ಹಾಸಿಗೆಗೂ ಜನ ‘ಕರ್ಲಾನ್’ ಎಂದೇ ಅನ್ನುತ್ತಾರೆ. 2016ರಲ್ಲಿ ಬೆಂಗಳೂರಿನದೇ ವೇಕ್‌ಫಿಟ್ ಶುರುವಾಯಿತು. ಸುರುಳಿ ಸುತ್ತಿ, ಗಾಳಿ ತೆಗೆದು, ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೇ ಬರುವ ಫೋಮ್ ಹಾಸಿಗೆ ಅದರ ಜೊತೆ ಮತ್ತು ಅದರ ಹಿಂದೆ ಬಂದ ಕಂಪನಿಗಳಿಂದ ಮಾಮೂಲಾಯಿತು. 2023ರಲ್ಲಿ ಸ್ಲೀಪ್‌ವೆಲ್ ಮಾಡುವ ಶೀಲಾ ಫೋಮ್ ಕರ್ಲ್‌ಆನ್ ಅನ್ನೇ ಕೊಂಡುಕೊಂಡಿತು.

ಮದುವೆ, ಗೃಹಪ್ರವೇಶ ಎಂದರೆ ಮಂಚದ ಜೊತೆ ಹಾಸಿಗೆ ಬರುತ್ತಿದ್ದ ಕಾಲ ಪೂರ್ತಿ ಹೋಗಿಲ್ಲ. ಅದರ ಪಕ್ಕದಲ್ಲೇ ದಿನವಿಡೀ ಕುರ್ಚಿಯಲ್ಲಿ ಕೂತು ಸೊಂಟ ಹಿಡಿಸಿಕೊಂಡವರು, ಮಂಡಿ ನೋವಿನ ಅಪ್ಪ-ಅಮ್ಮನಿಗಾಗಿ ಹುಡುಕುವ ಮಕ್ಕಳು ಎಂಬ ಹೊಸ ಗಿರಾಕಿಗಳು ಬಂದಿದ್ದಾರೆ. ‘ಆರ್ಥೋ’ ಎಂಬ ಮಾತು ಓಡುವುದು ಇವರಿಂದ.

ಗಟ್ಟಿ ಅಂದರೆ ಒಳ್ಳೆಯದು ಅನ್ನುವ ನಂಬಿಕೆ

‘ಬೆನ್ನು ನೋವಾದರೆ ಹಲಗೆ ಮೇಲೆ ಮಲಗು’ ಎಂದು ಹಿರಿಯರೂ ಹೇಳುತ್ತಿದ್ದರು, ಹಿಂದಿನ ತಲೆಮಾರಿನ ಎಷ್ಟೋ ಡಾಕ್ಟರುಗಳೂ ಹೇಳುತ್ತಿದ್ದರು. ಇದನ್ನು ಒರೆಗೆ ಹಚ್ಚಿದ ಅಧ್ಯಯನವೊಂದು 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸ್ಪೇನ್‌ನಲ್ಲಿ ಬಹುಕಾಲದ ಸೊಂಟ ನೋವಿದ್ದ 313 ಮಂದಿಗೆ ಚೀಟಿ ಎತ್ತಿದಂತೆ ಎರಡು ಬಗೆಯ ಹಾಸಿಗೆ ಹಂಚಿದರು. ಅರ್ಧ ಜನಕ್ಕೆ ಗಟ್ಟಿ, ಅರ್ಧ ಜನಕ್ಕೆ ಮಧ್ಯಮ ಗಟ್ಟಿ. 90 ದಿನಗಳ ಬಳಿಕ ಹೆಚ್ಚು ಆರಾಮ ಕಂಡವರು ಮಧ್ಯಮ ಗಟ್ಟಿಯವರು. ಇಲ್ಲೊಂದು ಎಚ್ಚರ ಬೇಕು: ಅಲ್ಲಿ ‘ಮಧ್ಯಮ’ ಎಂದದ್ದು ಯುರೋಪಿನ ಅಳತೆಗೋಲಿನಲ್ಲಿ. ಅದರಲ್ಲಿ 1 ಅತಿ ಗಟ್ಟಿ, 10 ಅತಿ ಮೆತ್ತಗೆ, ಆ ಹಾಸಿಗೆ 5.6. ನಮ್ಮ ಅಂಗಡಿಯ ‘ಮೀಡಿಯಂ ಫರ್ಮ್’ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ.

ಮೈಗೆ ಏನಾಗುತ್ತದೆ ಎಂಬುದು ಸರಳ. ತೀರಾ ಗಟ್ಟಿಯಾದರೆ ಭುಜ, ಪೃಷ್ಠ ಮಾತ್ರ ಊರಿ, ಸೊಂಟದ ಬಾಗು ಗಾಳಿಯಲ್ಲಿ ಉಳಿಯುತ್ತದೆ. ಸ್ನಾಯು ಇಡೀ ರಾತ್ರಿ ಬಿಗಿದುಕೊಂಡೇ ಇರುತ್ತದೆ. ತೀರಾ ಮೆತ್ತಗಾದರೆ ಭಾರವಾದ ಪೃಷ್ಠ ಕೆಳಗಿಳಿದು ಬೆನ್ನುಮೂಳೆ ತೊಟ್ಟಿಲಾಗುತ್ತದೆ. ಅಂಗಾತ ಮಲಗುವವರಿಗೆ ಸ್ವಲ್ಪ ಗಟ್ಟಿ ನಡೆಯುತ್ತದೆ. ಮಗ್ಗುಲಾಗಿ ಮಲಗುವವರಿಗೆ ಭುಜ ಇಳಿಯಲು ಮೇಲ್ಗಡೆ ಒಂದೂವರೆ–ಎರಡು ಇಂಚಿನ ಮೆತ್ತನೆ ಪದರ ಬೇಕೇ ಬೇಕು. ಐವತ್ತು ಕೆಜಿಯವರಿಗೆ ಗಟ್ಟಿ ಅನ್ನಿಸುವ ಹಾಸಿಗೆ ತೊಂಬತ್ತು ಕೆಜಿಯವರಿಗೆ ಮೆತ್ತಗೆ ಅನ್ನಿಸುತ್ತದೆ. ಆದ್ದರಿಂದ ಪಕ್ಕದ ಮನೆಯವರಿಗೆ ಚೆನ್ನಾಗಿದೆ ಅನ್ನುವುದು ನಿಮಗೆ ಸಾಕ್ಷಿಯಲ್ಲ.

ಕಾಲು ಜೋಮು ಹಿಡಿಯುವುದು, ಕಾಲಿನ ಬಲ ತಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಬೆನ್ನು ನೋವು ಇದ್ದರೆ ಹಾಸಿಗೆ ಅಂಗಡಿಯಲ್ಲ, ಆಸ್ಪತ್ರೆ. ಇದನ್ನು ಮುಂದೂಡಬಾರದು.

ಒಳಗೆ ಏನಿದೆ

ರಬ್ಬರು ಬೆರೆಸಿದ ನಾರು ಗಾಳಿಯಾಡುತ್ತದೆ, ಗಟ್ಟಿ ಇರುತ್ತದೆ, ಬೆಲೆಯೂ ಹಗುರ. ರಾಯಚೂರು, ಕಲಬುರಗಿಯ ಬೇಸಿಗೆಗೆ ಒಪ್ಪುವ ಸರಕು. ಸೋಲುವುದು ಎರಡು ಕಡೆ. ಒಂದು, ದಿನಾ ಒಂದೇ ಜಾಗದಲ್ಲಿ ಮಲಗಿದರೆ ನಾರಿನ ಗಂಟುಗಳು ಬಿಟ್ಟುಕೊಂಡು ಕೆಲವು ವರ್ಷಗಳಲ್ಲೇ ನಡುವೆ ತಗ್ಗು ಬೀಳುತ್ತದೆ. ಫೋಮಿನ ಹಾಗೆ ಅದು ಎದ್ದು ಬರುವುದಿಲ್ಲ. ಮಂಚದ ಕೆಳಗೆ ಕಂದು ಪುಡಿ ಉದುರಲು ಶುರುವಾದರೆ ನಾರು ಮುರಿಯುತ್ತಿದೆ ಎಂದು ತಿಳಿಯಿರಿ. ಎರಡು, ಕರಾವಳಿ–ಮಲೆನಾಡಿನ ಮಳೆಗಾಲ. ತಳಕ್ಕೆ ಗಾಳಿಯಿಲ್ಲದ ಪ್ಲೈವುಡ್ ಮೇಲೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ನಾರಿನದ್ದೇ ಬೇಕೆಂದರೆ ಮೇಲೆ ಒಂದೆರಡು ಇಂಚು ಫೋಮ್ ಇರುವುದನ್ನು ನೋಡಿ. ಬರೀ ನಾರು ಮಗ್ಗುಲು ಮಲಗುವವರ ಭುಜಕ್ಕೆ ಶಿಕ್ಷೆ.

ರೀಬಾಂಡೆಡ್ ಎಂದರೆ ಫೋಮ್ ಕಾರ್ಖಾನೆಯ ಚೂರುಪಾರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ದಿಮ್ಮಿ. ಕತ್ತರಿಸಿದರೆ ಬಣ್ಣಬಣ್ಣದ ತುಣುಕು ಕಾಣುತ್ತದೆ. ‘ಆರ್ಥೋ’ ಹೆಸರಲ್ಲಿ ಮಾರಾಟವಾಗುವ ಹಾಸಿಗೆಗಳಲ್ಲಿ ಹೆಚ್ಚಿನವುಗಳ ಬೆನ್ನೆಲುಬು ಇದೇ. ಡೆನ್ಸಿಟಿ ಸಾಮಾನ್ಯವಾಗಿ 80ರಿಂದ 120. ಭಾರಿ ಮೈಯವರು ಮಲಗಿದರೂ ಬೇಗ ಕುಸಿಯುವುದಿಲ್ಲ. ಚೂರು ಎಂದ ಮಾತ್ರಕ್ಕೆ ಕಳಪೆ ಅಂದುಕೊಳ್ಳಬೇಕಾಗಿಲ್ಲ, ಆದರೆ ಚೂರಿನ ಮೂಲ ಒಳ್ಳೆಯದಿರಬೇಕು. ಕಡಿಮೆ ದರ್ಜೆಯದರಲ್ಲಿ ಬಟ್ಟೆ, ರೆಕ್ಸಿನ್ ತುಂಡೂ ಸೇರಿ ಉಂಡೆ ಉಂಡೆ ಸಿಗುತ್ತದೆ, ಅಂಟಿನ ವಾಸನೆ ವಾರವಾದರೂ ಹೋಗುವುದಿಲ್ಲ. ಬರೀ ರೀಬಾಂಡೆಡ್ ಮೇಲೆ ಅರ್ಧ ಇಂಚು ಫೋಮ್ ಹಾಕಿ ಕೊಡುವ ಹಾಸಿಗೆ ನೆಲಕ್ಕಿಂತ ಸ್ವಲ್ಪ ಮೇಲು, ಅಷ್ಟೇ.

ಮೆಮೊರಿ ಫೋಮ್ ಮೈಯ ಬಿಸಿಗೆ ಕರಗಿದಂತೆ ತಗ್ಗಿ ಮೈಯ ಆಕಾರ ಹಿಡಿಯುತ್ತದೆ. ಭುಜ, ಪೃಷ್ಠದ ಒತ್ತಡ ಇಳಿಯುವುದು ನಿಜ. ಆದರೆ ಉಷ್ಣತೆಗೆ ಸ್ಪಂದಿಸುವ ಸರಕಾದ್ದರಿಂದ ಬೆಂಗಳೂರಿನ ಡಿಸೆಂಬರ್‌ನಲ್ಲಿ ಗಟ್ಟಿ, ಕಲಬುರಗಿಯ ಮೇ ತಿಂಗಳಲ್ಲಿ ಮೆತ್ತಗೆ. ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ‘ಕೂಲ್ ಜೆಲ್’ ಎಂದು ಬರೆದಿದ್ದರೂ ಮಲಗಿದ ಮೊದಲ ಹೊತ್ತಿನ ತಂಪು ಬಿಟ್ಟರೆ ಫ್ಯಾನಿನ ಕೆಳಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆರು ಇಂಚಿನ ‘ಆರ್ಥೋ ಮೆಮೊರಿ’ ಹಾಸಿಗೆಯಲ್ಲಿ ಮೆಮೊರಿ ಒಂದೇ ಇಂಚು ಇರುವುದು ಮಾಮೂಲು. ಅದು ಮೋಸವಲ್ಲ, ಅಂಗಾತ ಮಲಗುವವರಿಗೆ ಅಷ್ಟು ಸಾಕು ಕೂಡ. ಉಳಿದ ಐದು ಇಂಚಿನಲ್ಲಿ ಏನಿದೆ ಎಂಬುದರಲ್ಲೇ ಇರುವುದು ವಿಷಯ.

ಲೇಟೆಕ್ಸ್ ರಬ್ಬರು ಹಾಲಿನಿಂದ ಮಾಡಿದ, ತುಂಬಾ ಸಣ್ಣ ತೂತುಗಳಿರುವ ಪದರ. ಒತ್ತಿದರೆ ತಕ್ಷಣ ಪುಟಿಯುತ್ತದೆ, ಮಗ್ಗುಲು ಬದಲಾಯಿಸಲು ಸಲೀಸು, ಮೆಮೊರಿಗಿಂತ ತಂಪು, ಬಾಳಿಕೆಯೂ ಚೆನ್ನ. ಬೆಲೆ ಮಾತ್ರ ಎರಡು-ಮೂರು ಪಟ್ಟು. ಪೂರ್ತಿ ನೈಸರ್ಗಿಕವೋ, ಸಿಂಥೆಟಿಕ್ ರಬ್ಬರು ಬೆರಕೆಯೋ ಕೇಳಿ, ಬಿಲ್ಲಿನಲ್ಲಿ ಬರೆಸಿ. ಕೆಳಗೆ ರೀಬಾಂಡೆಡ್, ಮೇಲೆ ಎರಡು ಇಂಚು ಲೇಟೆಕ್ಸ್ ಎಂಬ ಜೋಡಿ ನಮ್ಮ ಲೆಕ್ಕದಲ್ಲಿ ಸೊಂಟ ನೋವಿನ ಸಾಮಾನ್ಯ ಮೈಕಟ್ಟಿನವರಿಗೆ ದುಡ್ಡಿಗೆ ತಕ್ಕ ಆಯ್ಕೆ.

ಸ್ಪ್ರಿಂಗ್‌ನಲ್ಲಿ ಎರಡು ಜಾತಿ. ಎಲ್ಲ ಸುರುಳಿಗಳೂ ಒಂದಕ್ಕೊಂದು ಕಟ್ಟಿಕೊಂಡ ಬಾನೆಲ್ ಅಗ್ಗ. ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಎಚ್ಚರ. ಪ್ರತಿ ಸುರುಳಿಗೂ ಬೇರೆ ಬಟ್ಟೆ ಚೀಲವಿರುವ ಪಾಕೆಟ್ ಸ್ಪ್ರಿಂಗ್‌ನಲ್ಲಿ ಆ ಕಾಟ ಕಡಿಮೆ. ಗಾಳಿಯಾಟದಲ್ಲಿ ಎರಡೂ ಚೆನ್ನ. ಕರಾವಳಿಯ ಉಪ್ಪು ಗಾಳಿಗೆ ತಂತಿ ತುಕ್ಕು ಹಿಡಿಯಬಹುದು, ವಾರಂಟಿಯಲ್ಲಿ ತುಕ್ಕು ಸೇರಿದೆಯೇ ನೋಡಿ.

ತಕ್ಕಡಿ ಹೇಳುವ ಸತ್ಯ

ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬ ಲೆಕ್ಕ. ಅದು ಗಟ್ಟಿತನವಲ್ಲ. ಒಂದೇ 40 ಡೆನ್ಸಿಟಿಯಲ್ಲಿ ಮೆತ್ತನೆಯದೂ ಗಟ್ಟಿಯದೂ ಮಾಡಬಹುದು. ಹೆಚ್ಚಿನ ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಪಿಯು ಅಥವಾ ಎಚ್‌ಆರ್ (ಹೈ ರೆಸಿಲಿಯೆನ್ಸ್, ಅಂದರೆ ಒತ್ತಿದರೆ ಬೇಗ ಪುಟಿಯುವ) ಫೋಮ್ 32ಕ್ಕಿಂತ ಕಡಿಮೆ ಇದ್ದರೆ ದಿನಾ ಮಲಗುವ ದೊಡ್ಡವರ ಹಾಸಿಗೆಗೆ ಬೇಡ. ಮೆಮೊರಿ 50ರ ಆಸುಪಾಸು ಇರಲಿ.

ಇದರ ದೊಡ್ಡ ಅನುಕೂಲವೆಂದರೆ ಹಾಸಿಗೆ ಬಿಚ್ಚದೇ ಒಳಗಿನದನ್ನು ಅಂದಾಜು ಮಾಡಬಹುದು. ಉದ್ದ, ಅಗಲ, ದಪ್ಪವನ್ನು ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿದರೆ ಘನ ಮೀಟರ್ ಸಿಗುತ್ತದೆ. 78 × 60 ಇಂಚಿನ ಕ್ವೀನ್ ಹಾಸಿಗೆಯಲ್ಲಿ ಒಂದೊಂದು ಇಂಚು ದಪ್ಪಕ್ಕೆ ಸುಮಾರು 0.077 ಘನ ಮೀಟರ್. ಅಂದರೆ ಒಂದು ಇಂಚಿನ ಪದರ ಹೀಗೆ ತೂಗಬೇಕು:

32 ಡೆನ್ಸಿಟಿ ಫೋಮ್ – ಸುಮಾರು 2.5 ಕೆಜಿ
40 ಡೆನ್ಸಿಟಿ ಫೋಮ್ – ಸುಮಾರು 3 ಕೆಜಿ
50 ಡೆನ್ಸಿಟಿ ಮೆಮೊರಿ – ಸುಮಾರು 3.8 ಕೆಜಿ
90 ಡೆನ್ಸಿಟಿ ರೀಬಾಂಡೆಡ್ – ಸುಮಾರು 6.9 ಕೆಜಿ

ಈಗ ಜಾಹೀರಾತು ಓದಿ. ಒಂದು ಇಂಚು ಮೆಮೊರಿ (50), ಎರಡು ಇಂಚು ಎಚ್‌ಆರ್ (40), ಮೂರು ಇಂಚು ರೀಬಾಂಡೆಡ್ (90) ಎಂದಿದ್ದರೆ 3.8, 6.1, 20.7 ಸೇರಿ 30 ಕೆಜಿ ದಾಟಬೇಕು. ಹೊಲಿದ ಕವರಿಗೆ ಇನ್ನೊಂದೆರಡು ಕೆಜಿ. ಬಂದ ಹಾಸಿಗೆ 18 ಕೆಜಿ ತೂಗಿದರೆ ಹೇಳಿದ್ದು ಒಳಗಿಲ್ಲ. ದಪ್ಪ ರೀಬಾಂಡೆಡ್ ಅಥವಾ ನಾರಿನ ಹಾಸಿಗೆ ಸಾಮಾನ್ಯವಾಗಿ ಸುರುಳಿ ಸುತ್ತಲು ಬಗ್ಗುವುದಿಲ್ಲ, ಚಪ್ಪಟೆಯಾಗಿಯೇ ಬರುತ್ತದೆ. ನಾಲ್ಕು ಇಂಚು ರೀಬಾಂಡೆಡ್ ಎಂದ ಹಾಸಿಗೆ ಸಣ್ಣ ಪೆಟ್ಟಿಗೆಯಲ್ಲಿ ಬಂದರೆ ಅನುಮಾನಪಡಿ.

ಹಗುರ ಹಾಸಿಗೆ ಗಟ್ಟಿಯಾಗಿಯೂ ಇದ್ದರೆ ಒಳಗೆ ಇಪಿಇ ಹಾಳೆ ಇರಬಹುದು – ಟಿವಿ, ಫ್ರಿಜ್ ಪೆಟ್ಟಿಗೆಯಲ್ಲಿ ಬರುವ ಬಿಳಿ ಪ್ಯಾಕಿಂಗ್ ಸರಕಿನ ದಪ್ಪ ರೂಪ. ಹೊಸತರಲ್ಲಿ ಹಲಗೆಯಂತಿದ್ದು ‘ಆರ್ಥೋ’ ಅನ್ನಿಸುತ್ತದೆ. ಅದರೊಳಗಿನ ಗಾಳಿಗುಳ್ಳೆ ಒಡೆದು ಚಪ್ಪಟೆಯಾದರೆ ಮತ್ತೆ ಏಳುವುದಿಲ್ಲ. ಬೆರಳಿನಿಂದ ಜೋರಾಗಿ ಒತ್ತಿದಾಗ ‘ಕರಕರ’ ಸದ್ದು ಬಂದರೆ ಅದೇ ಎನ್ನಿ.

ತಕ್ಕಡಿಗೂ ಮೋಸ ಮಾಡುವವರಿದ್ದಾರೆ. ಫೋಮ್ ಹೊಯ್ಯುವಾಗ ಸುಣ್ಣಕಲ್ಲಿನ ಪುಡಿ ಬೆರೆಸಿದರೆ ತೂಕ ಏರುತ್ತದೆ, ಬಾಳಿಕೆ ಇಳಿಯುತ್ತದೆ. ಜಿಪ್ ಇರುವ ಕವರಾದರೆ ತೆಗೆದು ಫೋಮಿನ ಅಂಚನ್ನು ಹೆಬ್ಬೆರಳಲ್ಲಿ ಉಜ್ಜಿ. ಬಿಳಿ ಹಿಟ್ಟು ಹತ್ತಿದರೆ, ಅಂಚು ಪುಡಿಪುಡಿ ಆದರೆ ಬೇಡ. ಜಿಪ್ ಇರುವ ಹಾಸಿಗೆಯನ್ನೇ ಕೊಳ್ಳಿ ಅನ್ನಲು ಇದೊಂದು ಕಾರಣ ಸಾಕು.

ಹಾಸಿಗೆಗಿಂತ ಮೊದಲು ಮಂಚ

ಹಾಸಿಗೆ ತಗ್ಗಾಗಿದೆ ಎಂದು ಹೊಸದು ತರುವವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ತಗ್ಗಾಗಿರುವುದು ಮಂಚದ ಪ್ಲೈವುಡ್. ಹಾಸಿಗೆ ಎತ್ತಿ, ಉದ್ದನೆಯ ನೇರ ಕೋಲೊಂದನ್ನು ಪ್ಲೈ ಮೇಲೆ ಅಡ್ಡ ಇಟ್ಟು ನೋಡಿ. ನಡುವೆ ಬೆರಳು ತೂರಿದರೆ ಹೊಸ ಹಾಸಿಗೆಯೂ ಅಲ್ಲೇ ಬಾಗುತ್ತದೆ. ಬಡಗಿಯನ್ನು ಕರೆಸಿ ನಡುವೆ ಒಂದು ತೊಲೆ, ಅದಕ್ಕೊಂದು ಕಾಲು ಕೊಡಿಸುವುದು ಹಾಸಿಗೆಯ ಬೆಲೆಯಲ್ಲಿ ಚಿಲ್ಲರೆ ಖರ್ಚು. ಮರದ ಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವಿನ ಸಂದು ಮೂರು ಇಂಚು ಮೀರಬಾರದು. ಮೀರಿದರೆ ಫೋಮ್ ಸಂದಿಗೆ ಇಳಿಯುತ್ತದೆ. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚಕ್ಕೆ ಗಾಳಿಯ ದಾರಿಯೇ ಇರುವುದಿಲ್ಲ. ಪ್ಲೈಗೆ ಅಲ್ಲಲ್ಲಿ ಒಂದಿಂಚಿನ ತೂತು ಕೊರೆಸಿ. ನೆಲದ ಮೇಲೆ ಹಾಕುವವರು ಕೆಳಗೆ ಚಾಪೆ ಹಾಕಿ, ಬೆಳಗ್ಗೆ ಗೋಡೆಗೆ ಒರಗಿಸಿಡಿ. ಇಲ್ಲವಾದರೆ ತಳದಲ್ಲಿ ಕಪ್ಪು ಚುಕ್ಕೆ ಗ್ಯಾರಂಟಿ.

ಅಳತೆಯಲ್ಲೂ ತಪ್ಪುವುದು ಬಹಳ. ರೆಡಿಮೇಡ್ ಹಾಸಿಗೆಗಳ ಉದ್ದ 72, 75, 78 ಇಂಚು. ಅಗಲ 36, 48, 60, 72. ಬಡಗಿ ಮಾಡಿದ ಮಂಚ ಇವ್ಯಾವುದಕ್ಕೂ ಸರಿಯಾಗಿ ಕೂರದಿರಬಹುದು. ಚೌಕಟ್ಟಿನ ಒಳಗಡೆ, ತಲೆಯ ಬಳಿ, ನಡುವೆ, ಕಾಲಿನ ಬಳಿ ಹೀಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಹಿಡಿಯಿರಿ, ಅದರಲ್ಲಿ ಅರ್ಧ ಇಂಚು ಬಿಡಿ. ಅಳತೆ ಕೊಟ್ಟು ಮಾಡಿಸಿದ ಹಾಸಿಗೆಯನ್ನು ಬಹುತೇಕ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ವಯಸ್ಸಾದವರಿಗೆ ಎತ್ತರವೇ ಮುಖ್ಯ, ಮೆತ್ತಗೆ-ಗಟ್ಟಿ ಆಮೇಲೆ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು, ತೊಡೆ ಸಮತಟ್ಟಾಗಿರಬೇಕು. ಮಂಚ, ಹಾಸಿಗೆ ಎರಡೂ ಸೇರಿ 18ರಿಂದ 21 ಇಂಚು ಬಹಳ ಜನಕ್ಕೆ ಸರಿ. 18 ಇಂಚಿನ ಮಂಚದ ಮೇಲೆ ಎಂಟಿಂಚಿನ ಹಾಸಿಗೆ ಹಾಕಿದರೆ ಐದಡಿಯ ಅಜ್ಜಿ ರಾತ್ರಿ ಬಚ್ಚಲಿಗೆ ಏಳುವಾಗ ಕಾಲು ತೂಗಾಡಿಸಿ ಹಾರಬೇಕಾಗುತ್ತದೆ. ಅಂಥವರಿಗೆ ನಾಲ್ಕೈದು ಇಂಚಿನ, ಅಂಚು ಕುಸಿಯದ ರೀಬಾಂಡೆಡ್ ಹಾಸಿಗೆಯೇ ಸರಿ. ದಪ್ಪ ಮೆಮೊರಿ ಫೋಮ್ ಮಂಡಿ ನೋವಿನವರಿಗೆ ಬೇಡವೇ ಬೇಡ, ಹೂತ ಮೈಯನ್ನು ಎತ್ತಿಕೊಳ್ಳಲು ಕೈಬಲ ಬೇಕು.

ಗಂಡ ತೊಂಬತ್ತು ಕೆಜಿ, ಹೆಂಡತಿ ಐವತ್ತೈದು ಎಂದಿದ್ದರೆ 72 ಇಂಚು ಅಗಲದ ಮಂಚಕ್ಕೆ 36ರ ಎರಡು ಹಾಸಿಗೆ ಹಾಕಿ, ಒಂದು ಗಟ್ಟಿ, ಒಂದು ಮಧ್ಯಮ. ದಪ್ಪ ಮಾತ್ರ ಒಂದೇ ಇರಲಿ. ತಿರುಗಿಸಲು, ಮೆಟ್ಟಿಲು ಹತ್ತಿಸಲು ಕೂಡ ಸುಲಭ.

ಈಗಿರುವ ಹಾಸಿಗೆ ತಗ್ಗಿಲ್ಲ, ಬರೀ ಗಟ್ಟಿ ಅಂತಾದರೆ ಹೊಸದೇ ಬೇಕೆಂದಿಲ್ಲ. ಹಾಸಿಗೆಯ ಮೇಲೆ ಹಾಸುವ ಎರಡು ಇಂಚಿನ ಮೆತ್ತನೆ ಪದರ, ಅಂದರೆ ಟಾಪರ್, ಸಾಕು. ತಗ್ಗು ಬಿದ್ದ ಹಾಸಿಗೆಗೆ ಟಾಪರ್ ಹಾಕುವುದು ತೂತು ಕೊಡಕ್ಕೆ ಬಣ್ಣ ಬಳಿದಂತೆ. ತಗ್ಗು ಮೇಲಕ್ಕೂ ಬರುತ್ತದೆ.

ಮಲಗಿ ನೋಡುವುದು

ಅಂಗಡಿಯಲ್ಲಿ ಕೂತು, ಕೈಯಿಂದ ಒತ್ತಿ ತೀರ್ಮಾನಿಸಬೇಡಿ. ಚಪ್ಪಲಿ ಬಿಟ್ಟು, ಮನೆಯಲ್ಲಿ ಹೇಗೆ ಮಲಗುತ್ತೀರೋ ಹಾಗೆ ಹದಿನೈದು ನಿಮಿಷ ಮಲಗಿ. ನಾಚಿಕೆ ಬೇಡ, ಹತ್ತು ವರ್ಷದ ವಸ್ತು. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆಚೆ ಹೋದರೆ ನಿಮಗೆ ಅದು ಗಟ್ಟಿ. ತೂರುವುದೇ ಇಲ್ಲವಾದರೆ ಮೆತ್ತಗೆ. ಸ್ವಲ್ಪ ಒತ್ತಿಕೊಂಡು ಹೋಗಬೇಕು. ಮಗ್ಗುಲಾಗಿ ಮಲಗಿದಾಗ ಜೊತೆಗಿದ್ದವರು ಬೆನ್ನ ಹಿಂದಿನಿಂದ ಫೋಟೋ ತೆಗೆಯಲಿ. ಕುತ್ತಿಗೆಯಿಂದ ಸೊಂಟದವರೆಗೆ ಗೆರೆ ನೇರ ಕಾಣಬೇಕು.

ಆನ್‌ಲೈನ್‌ನಲ್ಲಿ ಈ ಪರೀಕ್ಷೆಯ ಬದಲಿಗೆ ಇರುವುದು 100 ರಾತ್ರಿಯ ಟ್ರಯಲ್. ಒಳ್ಳೆಯ ಸೌಲಭ್ಯವೇ. ವಾಪಸ್ ಸಾಗಿಸುವ ಖರ್ಚು ಯಾರದು, ನಿಮ್ಮ ಪಿನ್‌ಕೋಡ್‌ಗೆ ವಾಪಸಾತಿ ಇದೆಯೇ, ಬೇರೆ ಶಾಪಿಂಗ್ ಆ್ಯಪ್‌ನಲ್ಲಿ ಕೊಂಡರೂ ಟ್ರಯಲ್ ಅನ್ವಯಿಸುತ್ತದೆಯೇ ಎಂದು ಮೊದಲೇ ಓದಿ. ಪೆಟ್ಟಿಗೆ ಬಂದ ಮೇಲೆ ತಿಂಗಳುಗಟ್ಟಲೆ ಕಟ್ಟಿಡಬೇಡಿ, ಒತ್ತಿದ ಫೋಮ್ ಪೂರ್ತಿ ಏಳದೇ ಹೋಗಬಹುದು. ಬಿಚ್ಚಿದ ಬಳಿಕ ಪೂರ್ತಿ ದಪ್ಪಕ್ಕೆ ಬರಲು 24ರಿಂದ 72 ಗಂಟೆ. ವಾಸನೆಗೆ ಕಿಟಕಿ ತೆರೆದಿಡಿ. ಹಳೆಯ ಹಾಸಿಗೆಯ ಆಕಾರಕ್ಕೆ ಒಗ್ಗಿದ ಮೈಗೆ ಮೊದಲ ಎರಡು-ಮೂರು ವಾರ ಹೊಸದು ಹಿತವೆನಿಸದಿರಬಹುದು. ತಿಂಗಳಾದರೂ ಬೆಳಗ್ಗೆ ಏಳುವಾಗ ನೋವಿದ್ದು, ನಡೆದಾಡಿದ ಮೇಲೆ ಕಡಿಮೆಯಾಗುತ್ತಿದ್ದರೆ ಹಾಸಿಗೆಯ ಮೇಲೆ ಅನುಮಾನ ಪಡಬಹುದು.

ಬಿಸಿಲಿಗೆ ಹಾಕುವ ಅಭ್ಯಾಸ ಹತ್ತಿ ಹಾಸಿಗೆಗೆ ಮಾತ್ರ. ಲೇಟೆಕ್ಸ್ ಬಿಸಿಲಿಗೆ ಹಳದಿ ತಿರುಗಿ ಬಿರುಕು ಬಿಟ್ಟು ಉದುರುತ್ತದೆ, ಫೋಮ್ ಕೂಡ ಬೇಗ ಹಾಳು. ನೆರಳಲ್ಲಿ ಗಾಳಿಗೆ ನಿಲ್ಲಿಸಿದರೆ ಸಾಕು. ಮೂರು ತಿಂಗಳಿಗೊಮ್ಮೆ ತಲೆ-ಕಾಲು ದಿಕ್ಕು ಬದಲಿಸಿ. ಮೇಲೊಂದು ಕೆಳಗೊಂದು ಪದರವಿರುವ ಹಾಸಿಗೆಯನ್ನು ಮಗುಚಿ ಹಾಕಬಾರದು.

ವಾರಂಟಿ ಪತ್ರದ ಸಣ್ಣಕ್ಷರ

‘ಹತ್ತು ವರ್ಷ ವಾರಂಟಿ’ ಎಂಬ ಮಾತಿನ ಕೆಳಗೆ ಎಷ್ಟು ಆಳದ ತಗ್ಗಿಗೆ ಎಂದು ಬರೆದಿರುತ್ತದೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಇಂಚು, ಅದೂ ಮೇಲೆ ಯಾರೂ ಮಲಗಿರದಾಗ. ಮುಕ್ಕಾಲು ಇಂಚು ತಗ್ಗಿದ್ದರೂ ಸೊಂಟ ಸಾಕಷ್ಟು ನೋಯುತ್ತದೆ, ವಾರಂಟಿ ಸಿಗುವುದಿಲ್ಲ. ಕೊಳ್ಳುವಾಗ ಕಂಪನಿಗಳ ನಡುವೆ ವರ್ಷ ಹೋಲಿಸುವ ಬದಲು ಈ ಅಂಕಿ ಹೋಲಿಸಿ. ಮೊದಲ ಕೆಲವು ವರ್ಷ ಪೂರ್ತಿ ಬದಲಿ, ಆಮೇಲೆ ಬಳಸಿದ ವರ್ಷಗಳ ದುಡ್ಡು ಕಳೆದು ಉಳಿದದ್ದು ಎಂಬ ಲೆಕ್ಕವೂ ಹಲವರಲ್ಲಿದೆ. ಕಲೆಯಾದ ಹಾಸಿಗೆ ತಿರಸ್ಕಾರಕ್ಕೆ ಸುಲಭ ನೆಪ, ಮೊದಲ ದಿನವೇ ನೀರು ಇಳಿಯದ ಪ್ರೊಟೆಕ್ಟರ್ ಹಾಕಿ.

ಅಳೆಯುವುದು ಹೀಗೆ: ಹೊದಿಕೆ ತೆಗೆದು, ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಎಳೆದು, ತಗ್ಗಿನ ತಳದಿಂದ ದಾರದವರೆಗೆ ಸ್ಕೇಲ್ ನಿಲ್ಲಿಸಿ, ಅಂಕಿ ಕಾಣುವಂತೆ ಫೋಟೋ ತೆಗೆಯಿರಿ. ಮಂಚದ ಪ್ಲೈ ನೇರ ಇದೆ ಎಂದು ತೋರಿಸುವ ಫೋಟೋ ಕೂಡ ಬೇಕು, ಕಂಪನಿಯವರು ಮೊದಲು ಹೇಳುವುದೇ ‘ಮಂಚ ಸರಿಯಿಲ್ಲ’ ಎಂದು. ಪದರ, ಡೆನ್ಸಿಟಿ, ಅಳತೆ ಬರೆದ ಜಿಎಸ್‌ಟಿ ಬಿಲ್ಲು, ಅಂಗಡಿಯ ಮುದ್ರೆಯಿರುವ ವಾರಂಟಿ ಕಾರ್ಡು ಜೊತೆಗಿರಲಿ. ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ದೆಹಲಿಯಲ್ಲಿದ್ದರೂ ಅಲ್ಲಿಗೆ ಹೋಗಬೇಕಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೂ ಇಲ್ಲ.